ಗರ್ಭಕೋಶವಿಲ್ಲದ ಬಸಿರು

ಗರ್ಭಕೋಶವನ್ನು ತೆಗೆಸಿಕೊಂಡ ಹೆಂಗಸು ಮತ್ತೆ ಬಸಿರಾಗುವುದುಂಟೆ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವುದಕ್ಕೆ ಮೊದಲು ನಾವು ಕೇಳಿದವನ ಮುಖವನ್ನು ನೋಡುವೆವು. ಒಲೆಯಿಲ್ಲದ ಮನೆಯಲ್ಲಿ ಅನ್ನ ಬೆಂದಿತೆಂದರೆ ಹೇಗೋ ಹಾಗೆ ಇದು ಅಸಂಗತವಾಗಿ ತೋರುತ್ತದೆ. ಆದರೆ ಇದು ನಡೆದಿರುವ ಸಂಗತಿ. 1895ರಲ್ಲಿ ವೆಂಡೆಲರ್ ಎಂಬ ವೈದ್ಯನು ಜರ್ಮನ್ ಭಾಷೆಯ ಪತ್ರಿಕೆಯೊಂದರಲ್ಲಿ ಇಂಥ ಪ್ರಸಂಗವನ್ನು ಮೊದಲ ಬಾರಿಗೆ ವಿವರಿಸಿದನು. ಅಲ್ಲಿಂದ 2015ರವರೆಗೆ ವೈದ್ಯಪತ್ರಿಕೆಗಳಲ್ಲಿ ವರದಿಯಾದ ಪ್ರಸಂಗಗಳು 70ಕ್ಕೆ ಸ್ವಲ್ಪ ಮೇಲೆ. ಇಷ್ಟು ಅಪೂರ್ವವಾದುದನ್ನು ಜನಸಾಮಾನ್ಯರ ಮುಂದೆ ಏಕೆ ಹೇಳಬೇಕು? ಅಪೂರ್ವವಾಗಿರುವುದರಿಂದಲೇ ಹೇಳಬೇಕಾಗಿದೆ. ಈ ಬಸಿರಿನ ಅಪಾಯವು ಅರ್ಧ ದೇಹದಲ್ಲಿದ್ದರೆ, ಇನ್ನರ್ಧ “ಇದು ಆಗಲಾರದು” ಎಂಬ ನಮ್ಮ ನಿಶ್ಚಯದಲ್ಲಿದೆ. ವಿಷಯವು ಸಂಕೋಚದ್ದೆಂದು ಗೃಹಸ್ಥರು ರೇಡಿಯೋದ ತಿರುಗಣೆಯನ್ನು ತಿರುಗಿಸಬಾರದಾಗಿ ಪ್ರಾರ್ಥನೆ.

ನಮ್ಮ ಜನರು ಈ ಶಸ್ತ್ರಕ್ರಿಯೆಯನ್ನು “ಗರ್ಭಚೀಲ ತೆಗೆಸುವುದು” ಎನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. ತೆಗೆಯುವುದು ಚೀಲವನ್ನು, ಬಸಿರಿನ ಆರಂಭವಾದರೋ ಚೀಲದಲ್ಲಲ್ಲ. ಅದರ ಎರಡು ಪಕ್ಕಗಳಲ್ಲಿ ಬಾದಾಮಿಯ ಗಾತ್ರದ ಎರಡು ಅಂಡಾಶಯಗಳಿವೆ. ತಿಂಗಳಿಗೊಂದರಂತೆ ಅಂಡವು ಅಲ್ಲಿಂದ ಹೊರಬೀಳುತ್ತದೆ. ಅಂಡನಾಳವು ಅಂಡಾಶಯಕ್ಕೆ ಕೊಳವೆಯಂತೆ ಬೆಸೆದುಕೊಂಡಿಲ್ಲ; ಸೆರಗಿನ ಕುಚ್ಚಿನಂತಿರುವ ಅದರ ತುದಿಯು ಹತ್ತಿರದಲ್ಲಿ ಆಡುತ್ತಿದ್ದು, ಬಿದ್ದ ಅಂಡವನ್ನು ಬಾಚಿಕೊಳ್ಳುತ್ತದೆ. ವೀರ್ಯಾಣುವಿನೊಡನೆ ಸಂಯೋಗವಾಗುವುದು ಈ ನಾಳದಲ್ಲಿಯೇ. ಹೀಗೆ ಹುಟ್ಟಿದ ಪಿಂಡವು ಮೂರು ನಾಲ್ಕು ದಿವಸ ನಾಳದಲ್ಲಿ ಸಾಗಿ ಗರ್ಭಕೋಶವನ್ನು ಸೇರಿ, ಸುಮಾರು ಒಂದು ವಾರಕ್ಕೆ ಅದರ ಗೋಡೆಯಲ್ಲಿ ಬೇರೂರುತ್ತದೆ. ಚಿಕ್ಕ ವಯಸ್ಸಿನ ಸ್ತ್ರೀಯರಿಗೆ ಶಸ್ತ್ರಕ್ರಿಯೆ ಮಾಡುವಾಗ ಮೂಳೆಗಳ ಬಲ ಮೊದಲಾದುವುಗಳ ರಕ್ಷಣೆಗಾಗಿ ಅಂಡಾಶಯಗಳನ್ನು ಉಳಿಸುವುದು ವಾಡಿಕೆ. ಆದುದರಿಂದ ಚೀಲ ಹೋದ ಮೇಲೆ ನಿಲ್ಲುವುದು ಮುಟ್ಟು ಮಾತ್ರ. ಅಂಡಗಳು ಎಂದಿನಂತೆ ಬೀಳುತ್ತಲೇ ಇರುತ್ತವೆ.

ಗರ್ಭಕೋಶವಿರುವವರಲ್ಲಿಯೂ ಪಿಂಡವು ದಾರಿತಪ್ಪಿ ನಾಳದಲ್ಲಿಯೇ ನೆಲಸುವುದುಂಟು. ನೂರು ಬಸಿರುಗಳಲ್ಲಿ ಒಂದೆರಡು ಹೀಗಾಗುತ್ತವೆ. ಗರ್ಭಕೋಶವಿಲ್ಲದವರಲ್ಲಿ ಇದು ಎರಡು ಬಗೆಯಿಂದ ಸಂಭವಿಸತಕ್ಕುದು.

ಮೊದಲನೆಯದರಲ್ಲಿ ಬಸಿರು ಶಸ್ತ್ರಕ್ರಿಯೆಗೆ ಮುಂಚೆಯೇ ಆಗಿಹೋಗಿರುತ್ತದೆ. ಪಿಂಡವು ನಾಳದಲ್ಲಿ ಪ್ರಯಾಣ ಮಾಡುತ್ತಿರುವ ಆ ಕೆಲವು ದಿವಸಗಳಲ್ಲಿಯೇ ಗರ್ಭಕೋಶವನ್ನು ತೆಗೆದರೆ, ಊರು ಸೇರುವಷ್ಟರಲ್ಲಿ ಊರೇ ಇಲ್ಲವಾದ ಪ್ರಯಾಣಿಕನಂತೆ ಅದು ಅಲ್ಲಿಯೇ ಉಳಿದು ಬೆಳೆಯುತ್ತದೆ. ಶಸ್ತ್ರಕ್ರಿಯೆಯ ದಿವಸ ಮೂತ್ರಪರೀಕ್ಷೆ ಮಾಡಿದರೂ ಇದು ತಿಳಿಯದೆ ಹೋಗಬಹುದು. ಏಕೆಂದರೆ ಪರೀಕ್ಷೆಯು ಹುಡುಕುವ ರಸವು ಪಿಂಡವು ಬೇರೂರಿದ ಮೇಲೆಯೇ ರಕ್ತ ಮೂತ್ರಗಳಲ್ಲಿ ಕಾಣಿಸತಕ್ಕದ್ದು. ಮುಂದೆ ಕೆಲವು ವಾರಗಳಲ್ಲಿ ಹೊಟ್ಟೆನೋವು ಬಂದರೆ, “ಕುಯ್ದ ಗಾಯದ ನೋವು, ಹೋಗುತ್ತದೆ” ಎಂಬ ಸಮಾಧಾನವು ಸಿದ್ಧವಾಗಿಯೇ ಇರುತ್ತದೆ.

ಎರಡನೆಯದು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಕಳೆದ ಮೇಲೆ ಆಗುವಂಥದು. ಇದಕ್ಕೆ ವೀರ್ಯಾಣುವು ಒಳಕ್ಕೆ ಹೋಗಲು ದಾರಿಯಿರಬೇಕು. ಗರ್ಭಕೋಶವನ್ನು ತೆಗೆದು ಯೋನಿಯ ಮೇಲ್ತುದಿಯನ್ನು ಹೊಲಿದಿರುತ್ತಾರೆ. ಆ ಹೊಲಿಗೆ ಪೂರ್ತಿ ಕೂಡದೆ ಕಣ್ಣಿಗೆ ಕಾಣದಷ್ಟು ರಂಧ್ರವು ಉಳಿಯಬಹುದು. ಅಥವಾ ಅಂಡನಾಳದ ತುದಿಯು ಜಾರಿ ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಗರ್ಭಕೋಶದ ಮೇಲುಭಾಗವನ್ನು ಮಾತ್ರ ತೆಗೆದು ಕೊರಳನ್ನು ಬಿಟ್ಟಿದ್ದರೆ, ಆ ಕೊರಳಿನ ಸಣ್ಣ ಓಣಿಯೇ ಸಾಕು. ಹೀಗಾದ ಪಿಂಡವು ಬಹುಮಟ್ಟಿಗೆ ನಾಳದಲ್ಲಿ, ಅಪರೂಪವಾಗಿ ಅಂಡಾಶಯದ ಮೇಲೆ ಅಥವಾ ಹೊಟ್ಟೆಯ ಪೊಳ್ಳಿನಲ್ಲಿ ನೆಲಸುತ್ತದೆ. 1979ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಗರ್ಭಕೋಶವನ್ನು ತೆಗೆದ ಕೆಲವು ತಿಂಗಳ ಮೇಲೆ, ಹೊಟ್ಟೆಯ ಪೊಳ್ಳಿನಲ್ಲಿ ಬೆಳೆದಿದ್ದ ಹೆಣ್ಣು ಮಗುವೊಂದನ್ನು ವೈದ್ಯರು ಜೀವಸಹಿತ ಹೊರತೆಗೆದರು. ವೃತ್ತಪತ್ರಿಕೆಗಳಿಗೆ ಇಂಥ ಸುದ್ದಿ ಬಹಳ ಪ್ರಿಯ. ಇದನ್ನು ಆಸೆಯ ಕಥೆಯಾಗಿ ಓದುವುದು ಮಾತ್ರ ಸಲ್ಲದು. ಇಂಥ ಬಸಿರಿನಲ್ಲಿ ತಾಯಿಯ ಜೀವವು ನೂಲಿನ ಮೇಲೆ ತೂಗುತ್ತಿರುತ್ತದೆ.

ಅಂಡನಾಳವು ಹಿಗ್ಗುವುದಕ್ಕೆ ಮಾಡಿದ ಅಂಗವಲ್ಲ. ಬೇರಿಳಿಸಿದ ಪಿಂಡವು ಅದರ ರಕ್ತನಾಳಗಳನ್ನು ಕೊರೆದು ಕೊನೆಗೆ ಒಡೆಯುತ್ತದೆ. ರಕ್ತವು ಹೊರಗೆ ಕಾಣದಂತೆ ಹೊಟ್ಟೆಯೊಳಗೆ ತುಂಬುತ್ತದೆ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ಸ್ವಲ್ಪ ರಕ್ತಸ್ರಾವ, ತಲೆ ತಿರುಗಿ ಬೀಳುವುದು, ಇವು ಲಕ್ಷಣಗಳು. ಇನ್ನೊಂದು ವಿಚಿತ್ರವಾದುದು: ಹೆಗಲಿನ ನೋವು. ಹೊಟ್ಟೆಯ ರಕ್ತಕ್ಕೂ ಹೆಗಲಿಗೂ ಏನು ಸಂಬಂಧವೆಂದರೆ, ಎದೆ ಹೊಟ್ಟೆಗಳ ನಡುವಣ ವಪೆಯ ನರವೂ ಹೆಗಲಿನ ಚರ್ಮದ ನರವೂ ಕುತ್ತಿಗೆಯಲ್ಲಿ ಒಂದೇ ನೆಲೆಯಿಂದ ಹೊರಡುತ್ತವೆ. ಚೆಲ್ಲಿದ ರಕ್ತವು ವಪೆಯನ್ನು ಕೆರಳಿಸಿದಾಗ ಮಿದುಳು ಸ್ಥಳವನ್ನು ತಪ್ಪಾಗಿ ಓದಿ, ನೋವು ಹೆಗಲಿನದೆಂದು ತಿಳಿಯುತ್ತದೆ. ಮಿಕ್ಕ ಹೆಂಗಸರಿಗೆ ಮುಟ್ಟು ತಪ್ಪಿತೆಂಬ ಎಚ್ಚರಿಕೆಯಾದರೂ ಇರುತ್ತದೆ. ಇವರಿಗೆ ಅದೂ ಇಲ್ಲ.

ವೈದ್ಯರು ಮಾಡಬೇಕಾದುದು ಸರಳವಾಗಿದೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವಿಜ್ಞಾನಿಗಳು ಹೆಂಗಸಿನ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚಿ, ದಿವಸಗಟ್ಟಲೆ ಕಾದು ಬಸಿರನ್ನು ಪತ್ತೆ ಮಾಡುತ್ತಿದ್ದರು. ಇಂದು ಔಷಧದಂಗಡಿಯ ಪಟ್ಟಿಯೊಂದು ಐದು ನಿಮಿಷದಲ್ಲಿ ಅದನ್ನು ಹೇಳುತ್ತದೆ. ಅಂಡಾಶಯವುಳಿದ ಹೆಂಗಸು ಹೊಟ್ಟೆನೋವೆಂದು ಬಂದಾಗ ಈ ಪಟ್ಟಿಯನ್ನು ಬಳಸುವುದಕ್ಕೆ ಅಡ್ಡಿಯಾಗುವುದು ಖರ್ಚಲ್ಲ, “ಚೀಲ ತೆಗೆದಾಗಿದೆ” ಎಂಬ ಒಂದು ವಾಕ್ಯ. ಆ ಮೇಲೆ ರಕ್ತಪರೀಕ್ಷೆಯೂ ಸ್ಕ್ಯಾನಿಂಗೂ ಸ್ಥಳವನ್ನು ತೋರಿಸುತ್ತವೆ. ನಾಳವನ್ನು ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಒಡೆದ ನಾಳವನ್ನು ತೆಗೆದು ರೋಗಿಯನ್ನು ಉಳಿಸಬಹುದೆಂದು 1883ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ತೋರಿಸಿಕೊಟ್ಟನು. ಅದಕ್ಕೆ ಮುಂಚೆ ಇಂಥವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಒಡೆಯುವುದಕ್ಕೆ ಮೊದಲೇ ತಿಳಿದರೆ ಮೆಥೊಟ್ರೆಕ್ಸೇಟ್ ಎಂಬ ಔಷಧವೂ ಕೆಲವರಿಗೆ ಸಾಕಾಗುತ್ತದೆ.

ನಮ್ಮ ದೇಶಕ್ಕೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆಂದು ನನ್ನ ಅಭಿಪ್ರಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶವನ್ನು ತೆಗೆಸಿಕೊಂಡವರು. ಕಲಬುರಗಿ ಸೀಮೆಯ ತಾಂಡಾಗಳಲ್ಲಿಯೂ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವವರಲ್ಲಿಯೂ ತೀರ ಎಳೆಯ ವಯಸ್ಸಿನವರಿಗೆ, ಎಷ್ಟೋ ವೇಳೆ ಅಗತ್ಯವಿಲ್ಲದೆ, ಈ ಶಸ್ತ್ರಕ್ರಿಯೆ ಮಾಡಿರುವುದು ಕಳೆದ ದಶಕದಲ್ಲಿ ಬೆಳಕಿಗೆ ಬಂತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದರಲ್ಲಿ ಕೈಯಿಕ್ಕಬೇಕಾಯಿತು. ಐವತ್ತರ ಹೆಂಗಸಿಗೆ ಈ ಬಸಿರಿನ ಭಯವು ಇಲ್ಲವೆಂದೇ ಹೇಳಬಹುದು. ಮೂವತ್ತರವಳಿಗೆ ಹಾಗೆ ಹೇಳಲಾಗದು.

ನಿಜವಾಗಿಯೂ ಶಸ್ತ್ರಕ್ರಿಯೆ ಬೇಕಾದವರು ಅದನ್ನು ಮುಟ್ಟು ಮುಗಿದ ಹೊಸತರಲ್ಲಿ, ಅಂಡವು ಬೀಳುವುದಕ್ಕೆ ಮುಂಚಿನ ದಿವಸಗಳಲ್ಲಿ ಮಾಡಿಸಿಕೊಳ್ಳುವುದು ಲೇಸು. ಇಲ್ಲವೆ ಅದಕ್ಕೆ ಹಿಂದಿನ ತಿಂಗಳು ಗರ್ಭನಿರೋಧಕ್ಕೆ ತಪ್ಪದೆ ಗಮನ ಕೊಡಬೇಕು. ಅಂಡಾಶಯವನ್ನು ಉಳಿಸಿದರೂ ಅಂಡನಾಳಗಳನ್ನು ತೆಗೆದುಬಿಡುವ ಪದ್ಧತಿಯು ಈಗ ಹಬ್ಬುತ್ತಿದೆ. ಅಂಡಾಶಯದ್ದೆನ್ನುವ ಕ್ಯಾನ್ಸರಿನಲ್ಲಿ ಬಹುಪಾಲು ನಾಳದ ತುದಿಯಲ್ಲಿ ಹುಟ್ಟುವುದೆಂದು ಕಂಡುಬಂದಿರುವುದೇ ಅದಕ್ಕೆ ಮುಖ್ಯ ಕಾರಣ. ಈ ಬಸಿರಿನ ದಾರಿಯೂ ಅದರಿಂದ ಬಹುಮಟ್ಟಿಗೆ ಮುಚ್ಚುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಯಾವ ಯಾವ ಅಂಗಗಳನ್ನು ತೆಗೆದರು, ಕೊರಳು ಉಳಿದಿದೆಯೆ, ನಾಳಗಳೂ ಅಂಡಾಶಯಗಳೂ ಉಳಿದಿವೆಯೆ ಎಂಬುದನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಂಡು, ಮನೆಯ ಮುಖ್ಯ ಕಾಗದಪತ್ರಗಳ ಜೊತೆಯಲ್ಲಿ ಇಡತಕ್ಕದ್ದು. ಮುಂದೆ ಯಾವಾಗಲಾದರೂ ಹೊಟ್ಟೆನೋವೆಂದು ಬೇರೆ ವೈದ್ಯರಲ್ಲಿಗೆ ಹೋದಾಗ ಮೊದಲು ತೋರಿಸಬೇಕಾದುದು ಆ ಚೀಟಿಯೇ.