ಸೆರೆಯಾಳೂ ಸ್ವಜನರೂ

ನ್ಯಾಯಾಸನವು ವಿಧಿಸುವ ಸೆರೆಯ ಶಿಕ್ಷೆಯು ಅಪರಾಧಿಯ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ಆತನ ಪುತ್ರತ್ವವನ್ನಾಗಲಿ, ಪಿತೃತ್ವವನ್ನಾಗಲಿ, ದಾಂಪತ್ಯವನ್ನಾಗಲಿ ಕಸಿದುಕೊಳ್ಳುವ ಅಧಿಕಾರವು ಯಾರಿಗೂ ಇಲ್ಲ. ಹೀಗಿದ್ದರೂ ಸೆರೆಯಾಳಿಗೆ ಬರುವ ಮನೆಯ ಕಾಗದವನ್ನೂ, ಬಂಧುಗಳ ಭೆಟ್ಟಿಯನ್ನೂ ಅಧಿಕಾರಿಗಳು ಕರುಣಿಸುವ ಪ್ರಸಾದವೆಂದು ಎಣಿಸುವ ರೂಢಿಯು ನಮ್ಮಲ್ಲಿ ಇಂದಿಗೂ ಅಳಿದಿಲ್ಲ.

ದೇಶವನ್ನಾಳಿದ ನಮ್ಮ ಮುಂದಾಳುಗಳೇ ಒಂದು ಕಾಲಕ್ಕೆ ಈ ಕಷ್ಟವನ್ನುಂಡವರು. 1930ರ ಅಕ್ಟೋಬರದಲ್ಲಿ ನೈನಿ ಸೆರೆಮನೆಯಲ್ಲಿದ್ದ ಪಂಡಿತ ಜವಾಹರಲಾಲ ನೆಹರೂ ಅವರಿಗೆ, ಮಗಳು ಇಂದಿರೆಯ ಹುಟ್ಟುಹಬ್ಬಕ್ಕೆ ಕೊಡಲು ಒಂದು ಕಾಗದವನ್ನು ಬಿಟ್ಟು ಬೇರೇನೂ ಇರಲಿಲ್ಲ. ಅಂದು ಮೊದಲಾದ ಪತ್ರಮಾಲೆಯು 1933ರ ವರೆಗೆ ಬೆಳೆದು, ಮರುವರ್ಷ ಜಗತ್ತಿನ ಇತಿಹಾಸದ ದೊಡ್ಡ ಗ್ರಂಥವೇ ಆಯಿತು. ಎಷ್ಟೋ ಪತ್ರಗಳು ಬರೆದೊಡನೆ ಮಗಳ ಕೈಸೇರಲಿಲ್ಲ; ಆದರೂ ತಂದೆಯು ಬರೆಯುವುದನ್ನು ಬಿಡಲಿಲ್ಲ. ಅದೇ ನೆಹರೂ ಅವರು 1932ರಲ್ಲಿ, ತಮ್ಮ ತಾಯಿಯೂ ಪತ್ನಿಯೂ ಬಂಧುವೊಬ್ಬರನ್ನು ಕಾಣಲು ಅಲಹಾಬಾದ ಸೆರೆಮನೆಗೆ ಹೋದಾಗ ಅಲ್ಲಿಯ ಜೈಲರನಿಂದ ಅವಮಾನಿತರಾದರೆಂದು ತಿಳಿದು, ತಮಗಿದ್ದ ಭೆಟ್ಟಿಗಳನ್ನೇ ತೊರೆದರು. ಡೆಹರಾಡೂನ ಸೆರೆಮನೆಯಲ್ಲಿ ಸುಮಾರು ಏಳು ತಿಂಗಳು ಸ್ವಜನರ ಮುಖವನ್ನು ಕಾಣದೆ ಕಳೆದರು. ಬಾಗಿಲಲ್ಲಿ ಬಂಧುಗಳಿಗಾಗುವ ಅವಮಾನವು ಒಳಗಿರುವವನಿಗೆ ಎರಡನೆಯ ಶಿಕ್ಷೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯು ಸುಪ್ರೀಮ್ ಕೋರ್ಟಿನ ಮುಂದೆ ಬಂದಿತು. ತಿಹಾರ ಸೆರೆಮನೆಯಲ್ಲಿ ಮುಂಜಾಗ್ರತೆಯ ಬಂಧನದಲ್ಲಿದ್ದ ಓರ್ವ ಸ್ತ್ರೀಗೆ ತನ್ನ ಐದು ವರ್ಷದ ಮಗಳನ್ನು ತಿಂಗಳಿಗೊಮ್ಮೆ ಮಾತ್ರ ಕಾಣಲು ಅಪ್ಪಣೆಯಿತ್ತು. 1981ರ ಜನವರಿಯಲ್ಲಿ ನ್ಯಾಯಮೂರ್ತಿ ಭಗವತಿಯವರು ಈ ಕಟ್ಟಳೆಯನ್ನು ತಳ್ಳಿಹಾಕಿ, ವಾರಕ್ಕೆ ಎರಡು ಭೆಟ್ಟಿಗಳಾದರೂ ಇರತಕ್ಕದ್ದೆಂದೂ, ಬಂಧುಗಳನ್ನು ಕಾಣುವುದು ಸಂವಿಧಾನದ 21ನೆಯ ಅನುಚ್ಛೇದವು ಕಾಪಾಡುವ ಜೀವನದ ಹಕ್ಕಿನ ಅಂಗವೆಂದೂ ತೀರ್ಪಿತ್ತರು.

ತೀರ್ಪು ದೊಡ್ಡದು, ಸೆರೆಮನೆಯ ಬಾಗಿಲು ಇನ್ನೂ ಸಣ್ಣದು. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿ 5 ಲಕ್ಷ 70 ಸಾವಿರಕ್ಕೂ ಮಿಕ್ಕಿ ಜನರಿದ್ದರು. ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಕಾಣದ ವಿಚಾರಣಾಧೀನರು. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಹಣಕ್ಕೆ ಸಾಲ ಮಾಡಿ ಬರುವ ತಾಯಿಗೆ ಸಿಕ್ಕುವುದು ಕೆಲವೇ ನಿಮಿಷ. 2020ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಭೆಟ್ಟಿಗಳು ನಿಂತಾಗ ವಿಡಿಯೋ ಮೂಲಕ ಮಾತನಾಡುವ ಏರ್ಪಾಡು ಹರಡಿತು. ಅದು ಉಪಕಾರವೇ ಸರಿ. ಆದರೆ ಪ್ರತ್ಯಕ್ಷ ದರ್ಶನಕ್ಕೆ ಅದು ಬದಲಾಗದು, ಫೋನಿಲ್ಲದ ಬಡವರಿಗೆ ಎಟುಕುವುದೂ ಇಲ್ಲ.

ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಸೆರೆಯಾಳಿನ ಕಾಗದವನ್ನು ಪರೀಕ್ಷಿಸುವುದಿದ್ದರೆ ಬೇಗನೆ ಪರೀಕ್ಷಿಸಿ ಕಳುಹಿರಿ, ಮೇಜಿನ ಮೇಲೆ ವಾರಗಟ್ಟಲೆ ಕೊಳೆಯಿಸಬೇಡಿರಿ. ಬಾಗಿಲಿಗೆ ಬಂದ ಮುದುಕಿಗೆ ಕುಳಿತುಕೊಳ್ಳಲು ಬೆಂಚು, ಕುಡಿಯಲು ನೀರು, ಒಂದು ನಯವಾದ ಮಾತು, ಇವುಗಳಿಗೆ ಹೊಸ ಕಾಯಿದೆಯ ಅವಶ್ಯಕತೆಯಿಲ್ಲ. ನಾಗರಿಕರಲ್ಲಿಯೂ ಒಂದು ಮಾತು. ಮನೆಯವನೊಬ್ಬನು ಸೆರೆಯಲ್ಲಿದ್ದರೆ ನಾಚಿಕೆಯಿಂದ ಕಾಗದವನ್ನು ನಿಲ್ಲಿಸಬೇಡಿರಿ. ಮಳೆ ಬಂತು, ಹಸು ಈಯಿತು, ಮಗು ಪಾಸಾಯಿತು ಎಂಬ ನಾಲ್ಕು ಸಾಲು ಸಾಕು. ಅವಧಿ ತೀರಿದ ಮೇಲೆ ಆತನು ಬರುವುದು ನಮ್ಮ ನಡುವೆಯೇ. ಅಲ್ಲಿಯ ವರೆಗೆ ಆತನಿಗೆ ಮನೆಯ ದಾರಿ ಮರೆಯದಂತೆ ನೋಡಿಕೊಳ್ಳುವುದರಲ್ಲಿ ಸಮಾಜದ ಹಿತವೂ ಅಡಗಿದೆ.