ಟೆಲಿವಿಷನ್ ಬಂದ ಊರು

ಸಂಜೆ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಆದರೂ ಯಾರೂ ಯಾರೊಡನೆಯೂ ಮಾತನಾಡುವುದಿಲ್ಲ. ಎಲ್ಲರ ದೃಷ್ಟಿಯೂ ಟೆಲಿವಿಷನ್ನಿನ ಮೇಲೆ. ಈ ಪೆಟ್ಟಿಗೆ ಬಂದ ಮೇಲೆ ಮಾತುಕತೆಯೇ ನಿಂತಿತೆಂದು ಹಿರಿಯರು ದೂರುವುದುಂಟು. ಈ ದೂರು ನಿಜವೆ? ಇದನ್ನು ಪರೀಕ್ಷಿಸುವ ಬಗೆ ಹೇಗೆ?

ಗೊಬ್ಬರದ ಗುಣವನ್ನು ತಿಳಿಯಬೇಕಾದರೆ, ಗೊಬ್ಬರ ಹಾಕಿದ ಗಿಡವನ್ನೂ ಹಾಕದ ಗಿಡವನ್ನೂ ಹೋಲಿಸಿ ನೋಡುತ್ತೇವೆ. ಆದರೆ ಟೆಲಿವಿಷನ್ ಇಲ್ಲದ ಊರನ್ನು ಎಲ್ಲಿಂದ ತರೋಣ? 1973ರಲ್ಲಿ ಕೆನಡಾ ದೇಶದಲ್ಲಿ ಅಂತಹ ಅವಕಾಶವೊಂದು ತಾನಾಗಿಯೇ ಒದಗಿತು. ಅಲ್ಲಿಯ ಚಿಕ್ಕ ಪಟ್ಟಣವೊಂದು ಕಣಿವೆಯಲ್ಲಿತ್ತು. ಟೆಲಿವಿಷನ್ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವುವು. ಬೆಟ್ಟ ಅಡ್ಡಬಂದರೆ ಆಚೆಗೆ ಸರಿಯಾಗಿ ತಲುಪಲಾರವು. ಆದುದರಿಂದ ಸುತ್ತಲಿನ ಊರುಗಳಲ್ಲಿ ಟೆಲಿವಿಷನ್ ಇದ್ದರೂ ಇಲ್ಲಿ ಇರಲಿಲ್ಲ.

ಆ ವರ್ಷ ಅಲ್ಲಿಗೂ ಪ್ರಸಾರ ಬರಲಿದೆಯೆಂದು ತಿಳಿದಾಗ, ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞೆ ಟ್ಯಾನಿಸ್ ಮ್ಯಾಕ್‌ಬೆತ್ ವಿಲಿಯಮ್ಸ್ ಅವರೂ ಅವರ ಸಹೋದ್ಯೋಗಿಗಳೂ ಕೂಡಲೆ ಅಧ್ಯಯನಕ್ಕೆ ತೊಡಗಿದರು. ಊರಿನ ಗುರುತು ಬಯಲಾಗದಂತೆ ಅದನ್ನು 'ನೋಟೆಲ್' ಎಂದು ಕರೆದರು. ಹೋಲಿಕೆಗಾಗಿ, ಒಂದೇ ವಾಹಿನಿಯಿದ್ದ 'ಯೂನಿಟೆಲ್', ಹಲವು ವಾಹಿನಿಗಳಿದ್ದ 'ಮಲ್ಟಿಟೆಲ್' ಎಂಬ ಎರಡು ಪಟ್ಟಣಗಳನ್ನು ಆರಿಸಿಕೊಂಡರು. ಮೊದಲ ಪರೀಕ್ಷೆ ಟೆಲಿವಿಷನ್ ಬರುವ ಮುನ್ನ. ಎರಡನೆಯದು ಎರಡು ವರ್ಷಗಳ ತರುವಾಯ.

ಮನೆಯೊಳಗಿನ ಮಾತನ್ನು ಅಳೆಯುವುದು ಕಷ್ಟ. ಜನರು ಎಷ್ಟು ಬಾರಿ ಒಂದೆಡೆ ಕಲೆಯುತ್ತಾರೆಂಬುದನ್ನು ಎಣಿಸಬಹುದು. ಮೊದಲು ನೋಟೆಲಿನವರು ಸಂಘದ ಕೂಟಗಳಿಗೂ ಆಟೋಟಗಳಿಗೂ ಉಳಿದೆರಡು ಊರಿನವರಿಗಿಂತ ಹೆಚ್ಚಾಗಿ ಹೋಗುತ್ತಿದ್ದರು. ಎರಡು ವರ್ಷಗಳಲ್ಲಿ ಅದು ಕಡಮೆಯಾಯಿತು. ಕಿರಿಯರೊಡನೆ ಬೆರೆಯುತ್ತಿದ್ದ ವಯಸ್ಸಾದವರು ಕೂಟಗಳಿಂದ ಮರೆಯಾಗತೊಡಗಿದರು.

ಹೀಗೇಕಾಯಿತು? ದಿನಕ್ಕಿರುವುದು 24 ಗಂಟೆ ಮಾತ್ರ. ದುಡಿಮೆಯ ಹೊತ್ತಾಗಲಿ ನಿದ್ರೆಯ ಹೊತ್ತಾಗಲಿ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೊಸ ಅತಿಥಿಗೆ ಜಾಗ ಕೊಡುವುದು ಬಿಡುವಿನ ಹೊತ್ತು. ಹರಟೆಯಾಗಲಿ, ನೆರೆಮನೆಯ ಕುಶಲಪ್ರಶ್ನೆಯಾಗಲಿ ಹುಟ್ಟುವುದು ಆ ಬಿಡುವಿನಲ್ಲಿಯೇ.

ಇದಕ್ಕೆ ಇನ್ನೊಂದು ಮುಖವೂ ಉಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುವು. ಪೆಟ್ಟಿಗೆಯಿದ್ದುದು ಊರಿನವರೆಲ್ಲ ಸೇರಬಹುದಾದ ಜಾಗದಲ್ಲಿ. ನೋಡಬೇಕೆನ್ನುವವರು ಮನೆಯಿಂದ ಹೊರಟು ನೆರೆಯವರೊಡನೆ ಕುಳಿತುಕೊಳ್ಳಬೇಕಾಗಿತ್ತು. ನೋಟೆಲಿನಲ್ಲಿ ಜನರನ್ನು ಒಳಗೆ ಉಳಿಸಿದ ಯಂತ್ರವೇ ಇಲ್ಲಿ ಅವರನ್ನು ಹೊರಗೆ ಕರೆತಂದಿತು!

ಆದುದರಿಂದ ಯಂತ್ರವನ್ನು ದೂಷಿಸಿ ಫಲವಿಲ್ಲ. ಅದನ್ನು ಎಲ್ಲಿ, ಯಾರೊಡನೆ, ಎಷ್ಟು ಹೊತ್ತು ನೋಡುತ್ತೇವೆಂಬುದೇ ಮುಖ್ಯ. ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಪರದೆಯಿರುವ ಇಂದು ಈ ವಿಚಾರ ಇನ್ನೂ ಮುಖ್ಯವಾದುದು. ವಿದ್ಯಾರ್ಥಿ ಮಿತ್ರರು ತಾವೇ ಒಂದು ಪ್ರಯೋಗ ಮಾಡಬಹುದು. ಒಂದು ವಾರ ರಾತ್ರಿಯ ಊಟದ ಹೊತ್ತಿನಲ್ಲಿ ಎಲ್ಲ ಪರದೆಗಳನ್ನೂ ಆರಿಸಿ, ಇನ್ನೊಂದು ವಾರ ಎಂದಿನಂತೆ ಬಿಟ್ಟು, ಯಾರು ಎಷ್ಟು ಮಾತನಾಡಿದರೆಂದು ಬರೆದಿಡಲಿ. ಮನೆಯ ಅಜ್ಜಿ ಯಾವ ವಾರ ಹೆಚ್ಚು ಮಾತನಾಡಿದರು ಎಂಬುದನ್ನು ಗುರುತಿಸಲು ಮಾತ್ರ ಮರೆಯದಿರಲಿ.