ಗೋಡೆಯೊಳಗೆ ಬಡಿಯುವವರಾರು?

ಬೆಳಗಿನ ಜಾವ. ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೆ ಇನ್ನೂ ಬೆಳಕು ತಾಗಿಲ್ಲ. ಊರಿನ ಒಂದು ಮನೆಯ ಹಿತ್ತಲಲ್ಲಿ ನಳವು ಮೊದಲು ಬುಸುಗುಟ್ಟಿತು, ಬಳಿಕ ಎರಡು ಸಲ ಕೆಮ್ಮಿತು, ಕೊನೆಗೆ ನೀರು ಸುರಿಸತೊಡಗಿತು. ಕೊಡ ತುಂಬಿದೊಡನೆ ಸೊಸೆ ಚಕ್ಕನೆ ಅದನ್ನು ತಿರುಗಿಸಿದಳು. ಧಡ್! ಒಳಮನೆಯಲ್ಲಿ ಮಲಗಿದ್ದ ಅತ್ತೆ ಎದ್ದು ಕುಳಿತರು. “ಯಾರೋ ಗ್ವಾಡಿ ಬಡದಂಗ ಆಯ್ತಲ್ಲ, ನೋಡಪಾ” ಎಂದು ಮಗನನ್ನು ಎಬ್ಬಿಸಿದರು. ಮಗ ಕದ ತೆರೆದು ನೋಡಿದ. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಇಂಥ ಸದ್ದು ಯಾದಗಿರಿಯಲ್ಲಿಯೂ ಉಂಟು, ಸುರಪುರದಲ್ಲಿಯೂ ಉಂಟು. ಕೊಳವೆಯಲ್ಲಿ ನೀರು ಬರುವ ಯಾವ ಊರಿನಲ್ಲಿಯೂ ಉಂಟು. ಬಡಿಯುವುದು ಭೂತವಲ್ಲ, ನೀರೇ. ಕೊಳವೆಯೊಳಗೆ ವೇಗದಿಂದ ಬರುತ್ತಿರುವ ನೀರಿಗೆ ಮುಂದೆ ಬಾಗಿಲು ಮುಚ್ಚಿದ ಸುದ್ದಿ ತಿಳಿದಿರುವುದಿಲ್ಲ. ಮುಂದಿನದು ಥಟ್ಟನೆ ನಿಲ್ಲುತ್ತದೆ, ಹಿಂದಿನದು ಬಂದು ಅದರ ಮೇಲೆ ಅಪ್ಪಳಿಸುತ್ತದೆ. ನೀರು ಕುಗ್ಗುವ ವಸ್ತುವಲ್ಲವಾದುದರಿಂದ ಆ ಪೆಟ್ಟು ಸದ್ದಿನ ವೇಗದಲ್ಲಿ ಕೊಳವೆಯುದ್ದಕ್ಕೂ ಓಡಿ, ತಿರುಗಿ ಬರುತ್ತದೆ. ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ ೧೮೯೭ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಈ ಪೆಟ್ಟಿನ ಲೆಕ್ಕವನ್ನು ಕಟ್ಟಿದನು. ಅವನ ಲೆಕ್ಕದಂತೆ, ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರಿನಂತೆ ಹರಿಯುವ ನೀರನ್ನು ಒಮ್ಮೆಲೇ ತಡೆದರೆ, ನೂರು ಮೀಟರಿಗೂ ಮಿಕ್ಕಿದ ಎತ್ತರದ ನೀರಿನ ಕಂಬದಷ್ಟು ಒತ್ತಡ ಕ್ಷಣಮಾತ್ರದಲ್ಲಿ ಹುಟ್ಟುತ್ತದೆ. ವಿಜಯಪುರದ ಗೋಲಗುಮ್ಮಟದ ಎತ್ತರ ಸುಮಾರು ೫೧ ಮೀಟರು. ಅದರ ಮೇಲೆ ಇನ್ನೊಂದು ಗುಮ್ಮಟವನ್ನಿಟ್ಟಷ್ಟು! ಕೊಡ ತುಂಬಿಸುವ ಒಂದು ನಳದಿಂದ ಇಷ್ಟು ಭಾರದ ಪೆಟ್ಟು ಹುಟ್ಟುವುದೆಂದು ಯಾರು ಊಹಿಸಿಯಾರು?

ವಿಜಯಪುರದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಸಗರ, ಶಹಾಪುರಗಳನ್ನೂ ಆಳಿದ ಆದಿಲ್‌ಶಾಹಿಗಳು ತಮ್ಮ ರಾಜಧಾನಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದಿದ್ದರು. ೧೬೫೧ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಬೇಗಂ ತಲಾಬ್ ಆಯಿತು. ಕೆರೆಯ ನೀರು ಊರೊಳಗೆ ಬರುವ ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದರು. ‘ಗಂಜ್’ ಎಂದು ಅವಕ್ಕೆ ಹೆಸರು. ನೀರು ಅಲ್ಲಿ ತನ್ನ ಒತ್ತಡವನ್ನು ಕಳೆದುಕೊಂಡು, ಕೆಸರನ್ನು ತಳಕ್ಕೆ ಬಿಟ್ಟು ಮುಂದೆ ಸಾಗುತ್ತಿತ್ತು; ಮಣ್ಣಿನ ಕೊಳವೆ ಒಡೆಯುತ್ತಿರಲಿಲ್ಲ. ಇಂದಿಗೂ ಕೆಲವು ಗಂಜ್‌ಗಳು ವಿಜಯಪುರದ ಬೀದಿಗಳಲ್ಲಿ ನಿಂತಿವೆ. ಪ್ರವಾಸಿಗಳು ಅವುಗಳತ್ತ ತಿರುಗಿಯೂ ನೋಡದೆ ಗುಮ್ಮಟದ ಪ್ರತಿಧ್ವನಿ ಕೇಳಲು ಧಾವಿಸುತ್ತಾರೆ.

ಮನೆಯಲ್ಲಿ ಗೋಪುರ ಕಟ್ಟಲಾಗದು, ನಿಜ. ಆದರೆ ಅದರ ಮರಿಯೊಂದನ್ನು ಇಡಬಹುದು. ಸದ್ದು ಮಾಡುವ ನಳದ ಹತ್ತಿರ ಕೊಳವೆಗೆ ಒಂದು ಕವಲು ಜೋಡಿಸಿ, ಒಂದಡಿ ಉದ್ದದ ತುಂಡನ್ನು ನೆಟ್ಟಗೆ ನಿಲ್ಲಿಸಿ, ತುದಿಗೆ ಮುಚ್ಚಳ ಹಾಕಿಸಬೇಕು. ಅದರಲ್ಲಿ ಸಿಕ್ಕಿಬಿದ್ದ ಗಾಳಿ ಮೆತ್ತೆಯಂತೆ ಕುಗ್ಗಿ ಪೆಟ್ಟನ್ನು ನುಂಗುತ್ತದೆ. ಕೆಲವು ತಿಂಗಳಿಗೆ ಆ ಗಾಳಿ ನೀರಿನಲ್ಲಿ ಕರಗಿ ಹೋಗುವುದರಿಂದ ಕೊಳವೆಯನ್ನು ಒಮ್ಮೆ ಪೂರ್ತಿ ಬರಿದುಮಾಡಿ ಮತ್ತೆ ತುಂಬಿಸಬೇಕು. ಇದಕ್ಕೂ ಮೊದಲು ಕಾಸು ಖರ್ಚಿಲ್ಲದ ಉಪಾಯವಿದೆ: ನಳವನ್ನು ನಿಧಾನವಾಗಿ ಮುಚ್ಚುವುದು. ಕಾಲು ಸುತ್ತಿಗೇ ಮುಚ್ಚಿಕೊಳ್ಳುವ ಹೊಸ ಬಗೆಯ ನಳಗಳೂ ಬಟ್ಟೆ ಒಗೆಯುವ ಯಂತ್ರದ ವಾಲ್ವೂ ಈ ವಿಷಯದಲ್ಲಿ ದೊಡ್ಡ ಅಪರಾಧಿಗಳು. ಪ್ಲಾಸ್ಟಿಕ್ ಕೊಳವೆ ಸ್ವಲ್ಪ ಹಿಗ್ಗುವುದರಿಂದ ಪೆಟ್ಟಿನ ಜೋರು ಕಡಿಮೆ; ಆದರೆ ಗೋಡೆಗೆ ಬಿಗಿಯಾಗಿ ಕ್ಲಾಂಪು ಹಾಕದಿದ್ದರೆ ಅದು ಜೋಲಾಡಿ ಬಡಿದು, ಕೂಡುಗಳು ಸಡಿಲವಾಗುತ್ತವೆ.

ಒಂದೇ ಒಂದು ‘ಧಡ್’ ಆಗದೆ ‘ಡರ್‍ರ್’ ಎಂದು ನಡುಗುವ ಸದ್ದು ಬೇರೆ ಜಾತಿಯದು. ಅದರ ಮೂಲ ಬಹುಮಟ್ಟಿಗೆ ನಳದೊಳಗಿನ ಸವೆದ ವಾಶರ್. ಹರಿಯುವ ನೀರಿನಲ್ಲಿ ಅದು ತಟತಟನೆ ಕುಣಿಯುತ್ತದೆ. ಎಲ್ಲಿಯ ಸದ್ದೆಂದು ತಿಳಿಯದಿದ್ದರೆ, ಕೋಲೊಂದರ ಒಂದು ತುದಿಯನ್ನು ಕೊಳವೆಗೂ ಮತ್ತೊಂದನ್ನು ಕಿವಿಗೂ ಇಟ್ಟು ಆಲಿಸುತ್ತ ಹೋದರೆ ಕಳ್ಳ ಸಿಕ್ಕುತ್ತಾನೆ. ಮಾಳಿಗೆಯ ಟಾಕಿ ತುಂಬುತ್ತಾ ಬಂದಾಗ ಇಡೀ ಮನೆ ಗುಂಯ್‌ಗುಡುವುದಾದರೆ ತೇಲುಗುಂಡಿನ ವಾಲ್ವನ್ನು ನೋಡಬೇಕು. ಟಾಕಿಯ ಅಲೆಗಳ ಮೇಲೆ ಗುಂಡು ಏರಿಳಿಯುತ್ತ ವಾಲ್ವನ್ನು ಕ್ಷಣಕ್ಕೊಮ್ಮೆ ತೆರೆದು ಮುಚ್ಚುತ್ತಿರುತ್ತದೆ. ಅನುಭವಿ ಕೆಲಸಗಾರರು ಗುಂಡಿನ ಸರಳಿಗೆ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೆ ಇಳಿಬಿಟ್ಟು ಕಟ್ಟುವುದುಂಟು. ಡಬ್ಬಿ ನೀರಿನಲ್ಲಿ ತಡವರಿಸುವುದರಿಂದ ಗುಂಡಿನ ಕುಣಿತ ನಿಲ್ಲುತ್ತದೆ.

ಬೆಟ್ಟಗಳ ನಡುವೆ ಕುಳಿತ ಸುರಪುರದಂಥ ಊರಲ್ಲಿ ಎಲ್ಲ ಮನೆಗಳ ಒತ್ತಡವೂ ಒಂದೇ ಅಲ್ಲ. ಪ್ರತಿ ಹತ್ತು ಮೀಟರು ಇಳಿಜಾರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಒತ್ತಡ ಹೆಚ್ಚುತ್ತದೆ. ಕೆಳಗಿನ ಓಣಿಯವರು ಸದ್ದಿನಿಂದ ಬಳಲಿದರೆ, ಮೇಲಿನವರು ನೀರಿಗಾಗಿ ಬಾಯಿಬಿಡುತ್ತಾರೆ. ಕೆಳಗಿನವರು ಮನೆಯ ಮುಂದಿನ ಗೇಟ್ ವಾಲ್ವನ್ನು ಒಂದೆರಡು ಸುತ್ತು ಇಳಿಸಿಕೊಳ್ಳುವುದು ಲೇಸು. ಹಳೆಯ ವಾಲ್ವು ಅರ್ಧ ಮುಚ್ಚಿದಾಗ ತಾನೇ ಗಲಗಲಿಸತೊಡಗಿದರೆ ಅದನ್ನು ಬದಲಿಸದೆ ಗತ್ಯಂತರವಿಲ್ಲ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣ ಕಟ್ಟಿ ದಾರಿ ಕಿರಿದಾಗಿ ನಳ ಸಿಳ್ಳು ಹಾಕುತ್ತದೆ. ಜಾಲರಿ ಬಿಚ್ಚಿ ನಿಂಬೆರಸದಲ್ಲಿ ನೆನೆಯಿಟ್ಟರೆ ಸಾಕು.

ಈ ಸದ್ದುಗಳೆಲ್ಲ ನಿದ್ರೆ ಕೆಡಿಸುವಂಥವು, ಅಷ್ಟೆ. ಗಂಭೀರವಾದುದು ಮೊದಲಿನ ಆ ಬುಸುಗುಟ್ಟುವಿಕೆ.

ನೀರು ದಿನದ ಇಪ್ಪತ್ತನಾಲ್ಕು ತಾಸೂ ಬಾರದ ಊರುಗಳಲ್ಲಿ, ಸರದಿ ಮುಗಿದು ವಾಲ್ವ್ ಮುಚ್ಚಿದೊಡನೆ ಬೀದಿಯ ಕೊಳವೆ ಬರಿದಾಗುತ್ತದೆ. ಬರಿದಾಗುವಾಗ ಅದು ಒಳಕ್ಕೆ ಎಳೆಯುತ್ತದೆ: ತೆರೆದ ನಳದಿಂದ ಗಾಳಿಯನ್ನು, ಒಡೆದ ಕೂಡಿನಿಂದ ಅದರ ಸುತ್ತಲಿನ ಚರಂಡಿಯ ನೀರನ್ನು. ಮರುಸರದಿಯಲ್ಲಿ ಬುಸುಗುಟ್ಟಿ ಹೊರಬರುವುದು ಆ ಗಾಳಿ. ಅದರ ಹಿಂದೆಯೇ ಆ ನೀರು. ಮೋಟಾರನ್ನು ನೇರವಾಗಿ ನಳಕ್ಕೆ ಜೋಡಿಸಿ ಎಳೆಯುವ ಮನೆ ಈ ಕೆಡುಕನ್ನು ಇಮ್ಮಡಿಸುತ್ತದೆ. ಎಳೆದ ಕೊಳಕನ್ನು ಮೊದಲು ಕುಡಿಯುವುದೂ ಅದೇ ಮನೆಯ ಮಕ್ಕಳು. ೨೦೦೮ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಿಗೆ ಎಡೆಬಿಡದೆ ನೀರು ಕೊಡುವ ಏರ್ಪಾಟಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಬಗೆಯ ನೀರನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರದಿಯ ನೀರಿನಲ್ಲಿಯೇ ರೋಗಾಣುಗಳ ಸೂಚನೆ ಹೆಚ್ಚಾಗಿ ಕಂಡಿತು.

ಆದುದರಿಂದ ಆ ಮನೆಯ ಸೊಸೆ ಮಾಡಬೇಕಾದುದು ಇಷ್ಟು. ಸರದಿ ಮುಗಿದ ಕೂಡಲೇ ನಳವನ್ನು ಮುಚ್ಚಬೇಕು. ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆಯನ್ನು ಬಕೇಟಿನ ನೀರಿನಲ್ಲಿ ಮುಳುಗಿಸಿ ಬಿಡಬಾರದು. ನೀರು ಬಂದಾಗ ನಳವನ್ನು ಮೆಲ್ಲಗೆ ತೆರೆದು ಗಾಳಿಗೆ ದಾರಿ ಕೊಡಬೇಕು. ಬುಸುಗುಟ್ಟುವುದು ನಿಂತು, ಧಾರೆ ತಿಳಿಯಾಗುವವರೆಗಿನ ಮೊದಲ ಒಂದೆರಡು ಕೊಡ ಹಿತ್ತಲಿನ ಕರಿಬೇವಿಗೆ. ಕುಡಿಯುವ ಕೊಡ ಆಮೇಲೆ.